ಬಣ್ಣದಕ್ಕ ತನ್ನ ಮನೆಗೇ ಬಣ್ಣ ಹಾಕಿದ್ದು

ಬಣ್ಣದಕ್ಕನ ಕೈ ನೋಡಿದವರು ಮೊದಲು ಗಾಬರಿಯಾಗುತ್ತಾರೆ, ಆಮೇಲೆ ನಗುತ್ತಾರೆ. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಸದಾ ಗಿಳಿಹಸಿರು. ಸೋಪಿಗೆ ಜಗ್ಗುವುದಿಲ್ಲ, ಬ್ರಷ್ಷಿಗೂ ಜಗ್ಗುವುದಿಲ್ಲ. ಅವಳ ಕೆಲಸವೇ ಹಾಗೆ. ಹೊಳೆ ರಕ್ಷಣಾ ಕಚೇರಿಯಿಂದ ಹೆಗಲಿಗೊಂದು ಚೀಲ ಏರಿಸಿಕೊಂಡು ಹೊರಟರೆ ಸೀದಾ ಯಾರದೋ ಮನೆಯ ಕದ ತಟ್ಟಿ, "ಸ್ವಲ್ಪ ನಿಮ್ಮ ಕಕ್ಕಸು ತೋರಿಸ್ತೀರಾ?" ಎಂದು ಕೇಳುತ್ತಾಳೆ. ಇಷ್ಟು ನಗುಮುಖದಿಂದ ಈ ಪ್ರಶ್ನೆ ಕೇಳಬಲ್ಲವರು ಆ ಊರಿನಲ್ಲಿ ಇನ್ನೊಬ್ಬರಿಲ್ಲ.

ಕೆಲಸ ಸುಲಭದ್ದೇ. ಊರಿನ ಮನೆಗಳ ಕೆಳಗೆ ಎರಡು ಕೊಳವೆಗಳು ಹಾದುಹೋಗಿವೆ. ಒಂದು ಕೊಳಕು ನೀರಿನದು, ಅದು ಊರಾಚೆಯ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಇನ್ನೊಂದು ಮಳೆನೀರಿನದು, ಅದು ನೇರ ಹೊಳೆಗೆ. ಎರಡೂ ಒಂದೇ ಗಾತ್ರ, ಒಂದೇ ಮಣ್ಣಿನ ಬಣ್ಣ, ಅಕ್ಕತಂಗಿಯರ ಹಾಗೆ ಪಕ್ಕಪಕ್ಕದಲ್ಲೇ ಮಲಗಿವೆ. ಯಾರೋ ಎಂದೋ ಅವಸರದಲ್ಲಿ ಕಕ್ಕಸನ್ನು ಮಳೆನೀರಿನ ಕೊಳವೆಗೆ ಜೋಡಿಸಿಬಿಟ್ಟರೆ ಮುಗಿಯಿತು, ಆ ಮನೆಯವರು ದಿನಾ ಬೆಳಿಗ್ಗೆ ತಮಗೆ ಗೊತ್ತಿಲ್ಲದೆ ಹೊಳೆಯನ್ನು ಹೊಲಸು ಮಾಡುತ್ತಿರುತ್ತಾರೆ. ಬಣ್ಣದಕ್ಕ ಕಮೋಡಿಗೆ ಒಂದು ಚಮಚ ಬಣ್ಣದ ಪುಡಿ ಹಾಕಿ ನೀರು ಬಿಡುತ್ತಾಳೆ, ದಂಡೆಗೆ ಓಡುತ್ತಾಳೆ, ಕಾಯುತ್ತಾಳೆ. ಹೊಳೆಗೆ ಬೀಳುವ ಕೊಳವೆಯ ಬಾಯಲ್ಲಿ ಹಸಿರು ಕಂಡರೆ ಆ ಮನೆ ಸಿಕ್ಕಿಬಿತ್ತು. ಪುಡಿಯಿಂದ ಮೀನಿಗೂ ಕೇಡಿಲ್ಲ, ಮನುಷ್ಯರಿಗೂ ಕೇಡಿಲ್ಲ. ಹೊಳೆಯಲ್ಲಾದರೆ ಸ್ವಲ್ಪ ಹೊತ್ತಿಗೆ ಮಾಯ.

ಆದರೆ ಮಾನ? ಅದು ಅಷ್ಟು ಬೇಗ ತೊಳೆದುಹೋಗುವುದಿಲ್ಲವಲ್ಲ. ಅದಕ್ಕೇ ಬಣ್ಣದಕ್ಕ ಒಂದು ಉಪಾಯ ಮಾಡಿಕೊಂಡಿದ್ದಳು. ಸಾಲಿನ ಎಲ್ಲ ಮನೆಗಳಿಗೂ ಹೋಗುವುದು, ಪುಡಿ ಹಾಕುವುದು ಮಾತ್ರ ಒಂದೇ ಮನೆಗೆ. ಉಳಿದ ಮನೆಗಳಲ್ಲಿ ಚಹಾ ಕುಡಿದು, ಮೊಣಕಾಲು ನೋವಿನ ಕಥೆ ಕೇಳಿ ಬರುವುದು. ಹೊಳೆ ಹಸಿರಾದರೆ ದಂಡೆಯಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬೇಕೇ ಹೊರತು ಯಾರದ್ದೆಂದು ಗೊತ್ತಾಗುತ್ತಿರಲಿಲ್ಲ. ಮರುದಿನ ಆ ಮನೆಯ ಯಜಮಾನರ ಕಿವಿಯಲ್ಲಿ ಮಾತ್ರ ಹೇಳಿ ಬರುತ್ತಿದ್ದಳು. ಊರಿನ ಅರ್ಧ ಜನರ ಗುಟ್ಟು ಅವಳ ಹೊಟ್ಟೆಯಲ್ಲಿತ್ತು. ಬೇಕರಿಯವನು ಬಿಸಿ ಬನ್ನಿನ ಆಸೆ ತೋರಿಸಿ ಬಾಯಿ ಬಿಡಿಸಲು ನೋಡಿದ್ದಾನೆ. ಬನ್ನು ತಿಂದಳು, ಬಾಯಿ ಮಾತ್ರ ಬಿಡಲಿಲ್ಲ.

ಅವಳ ಮದುವೆಯೂ ಇದೇ ಬಣ್ಣದಿಂದ ಆದದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇವಳು ತಪ್ಪು ಕೊಳವೆ ಹುಡುಕಿಕೊಟ್ಟ ಮನೆಗೆಲ್ಲ ರಿಪೇರಿಗೆ ಬರುತ್ತಿದ್ದವನು ಒಬ್ಬನೇ, ಊರೆಲ್ಲ ಪೈಪಣ್ಣ ಎಂದು ಕರೆಯುವ ಆ ಹುಡುಗ. ಇವಳು ಹುಡುಕುವುದು, ಅವನು ಅಗೆಯುವುದು. ಗುಂಡಿಯ ಮೇಲೆ ಇವಳು, ಗುಂಡಿಯ ಒಳಗೆ ಅವನು. ಹೀಗೇ ಮಾತು ಬೆಳೆಯಿತು. ಚರಂಡಿಯ ಪಕ್ಕದಲ್ಲಿ ನಿಂತು ಇಷ್ಟು ಹೊತ್ತು ಏನು ನಗುತ್ತಾರಪ್ಪಾ ಎಂದು ಜನ ಮೂಗು ಮುಚ್ಚಿಕೊಂಡೇ ಕೇಳುತ್ತಿದ್ದರು. ಮದುವೆಗೆ ಬೇರೆ ಗಂಡಂದಿರು ಉಂಗುರ ಕೊಡುತ್ತಾರೆ, ಪೈಪಣ್ಣ ಹೆಂಡತಿಗಾಗಿ ಮಹಡಿಯ ಮೇಲೆ ಒಂದು ಕಕ್ಕಸು ಕಟ್ಟಿಸಿಕೊಟ್ಟ. ಕಿಟಕಿಯಿಂದ ಹೊಳೆ ಕಾಣಬೇಕು ಎಂದು ಲೆಕ್ಕ ಹಾಕಿ ಗೋಡೆ ಎಬ್ಬಿಸಿದ್ದ. ಬಣ್ಣದಕ್ಕ ಈಗಲೂ ಅದನ್ನು ನೆನೆದರೆ ಕೆನ್ನೆ ಕೆಂಪಗೆ ಮಾಡಿಕೊಳ್ಳುತ್ತಾಳೆ. ಪ್ರೀತಿಯ ಗುರುತಾಗಿ ಕಕ್ಕಸು ಪಡೆದ ಹೆಂಗಸು ಲೋಕದಲ್ಲಿ ಎಷ್ಟು ಜನ ಇದ್ದಾರು, ನೀವೇ ಹೇಳಿ.

ಆ ಕಿಟಕಿಯಿಂದ ಕಾಣುತ್ತಿದ್ದದ್ದು ಹೊಳೆಯ ತಿರುವು. ಒಂದು ಕಾಲಕ್ಕೆ ಊರಿಗೆ ಊರೇ ಈಜುತ್ತಿದ್ದ ಜಾಗ. ನೀರು ಕೆಟ್ಟಮೇಲೆ ಅಲ್ಲಿ "ನೀರಿಗೆ ಇಳಿಯಬಾರದು" ಎಂಬ ಬೋರ್ಡು ಬಂದು ಕೂತಿತು. ಎರಡು ಬೆಟ್ಟಸಾಲುಗಳ ನಡುವೆ ಎಲ್ಲೇ ಮಳೆ ಬೀಳಲಿ, ಯಾರ ಹೊಲದಲ್ಲೇ ಬೀಳಲಿ, ಯಾರ ಮಾಡಿನ ಮೇಲೇ ಬೀಳಲಿ, ಕೊನೆಗೆ ಬಂದು ಸೇರುವುದು ಇದೇ ತಿರುವಿಗೆ. ಅಂದಮೇಲೆ ಎಲ್ಲರ ಪಾಪವೂ ಇಲ್ಲಿಗೇ. ಕಚೇರಿಯವರು ವರ್ಷಗಟ್ಟಲೆ ಮೇಲಿನಿಂದ ಕೆಳಕ್ಕೆ ಕೆಲಸ ಮಾಡುತ್ತ ಬಂದರು. ದನ ಹೊಳೆಗಿಳಿಯದಂತೆ ಬೇಲಿ ಹಾಕಿಸಿದರು, ಗೊಬ್ಬರ ಕೊಚ್ಚಿ ಬರದಂತೆ ಹೊಲಗಳ ಅಂಚಿಗೆ ಗಿಡ ನೆಡಿಸಿದರು, ಕಾರು ತೊಳೆಯುವವನ ಮೋರಿ ತಿರುಗಿಸಿದರು. ಕಡೆಗೆ ಉಳಿದದ್ದು ಊರಿನ ಮನೆಗಳು, ಅಂದರೆ ಬಣ್ಣದಕ್ಕನ ಪಾಲು.

ಈ ತಿರುವು ತೆರೆಯಲಿ ಎಂದು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಂಬಲಿಸುತ್ತಿದ್ದವಳು ಬಣ್ಣದಕ್ಕನ ಅತ್ತೆ. ವಯಸ್ಸು ಎಂಬತ್ತು ದಾಟಿತ್ತು, ಹಟ ಮಾತ್ರ ಎಂಟರದ್ದು. ಹುಡುಗಿಯಾಗಿದ್ದಾಗ ಆ ತಿರುವಿನಲ್ಲಿ ಆಚೆ ದಡಕ್ಕೆ ಈಜಿ ಹೋಗಿ ಬರುತ್ತಿದ್ದಳಂತೆ. "ಸಾಯೋದ್ರೊಳಗೆ ಒಂದ್ಸಲ ಈಜ್ಬೇಕು ಕಣೇ. ಸತ್ಮೇಲೆ ಬೋರ್ಡ್ ತೆಗೆದ್ರೆ ನಾನೇನು ದೆವ್ವ ಆಗಿ ಬಂದು ಈಜ್ಲಾ?" ಎನ್ನುತ್ತಿದ್ದಳು. ಈ ಚಳಿಗಾಲದಲ್ಲಿ ಅಂಗಡಿಗೆ ಹೋಗಿ ತಾನೇ ಆರಿಸಿ ನೇರಳೆ ಬಣ್ಣದ ಈಜುಡುಗೆ ತಂದಳು. ಸ್ವೆಟರಿನ ಮೇಲೆ ಅದನ್ನು ಹಾಕಿಕೊಂಡು, ಅಡುಗೆಮನೆಯ ಸ್ಟೂಲಿನ ಮೇಲೆ ಬೋರಲಾಗಿ ಮಲಗಿ, ಕೈಕಾಲು ಬಡಿದು ಅಭ್ಯಾಸ ಮಾಡುತ್ತಿದ್ದಳು. ಪೈಪಣ್ಣ ಊಟಕ್ಕೆ ಕೂತರೆ ಅಮ್ಮನ ಕಾಲಿನಿಂದ ತಟ್ಟೆ ಕಾಪಾಡಿಕೊಳ್ಳುವುದೇ ಒಂದು ಕೆಲಸವಾಗಿತ್ತು.

ಬೇಸಿಗೆಗೆ ಮುಂಚೆ ನೀರಿನ ಪರೀಕ್ಷೆ ಪಾಸಾದರೆ ಬೋರ್ಡು ತೆಗೆಯುವುದೆಂದು ಕಚೇರಿ ತೀರ್ಮಾನಿಸಿತು. ಆಗದಿದ್ದರೆ ಮುಂದಿನ ವರ್ಷದ ಮಾತು. ಅತ್ತೆಯ ವಯಸ್ಸಿಗೆ ಮುಂದಿನ ವರ್ಷ ಎಂದರೆ ಏನೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪರೀಕ್ಷೆ ಮಾಡುವ ಲ್ಯಾಬಿನ ಹುಡುಗಿ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋದಳು, ಎರಡು ದಿನ ಬಿಟ್ಟು ಮುಖ ಸಣ್ಣದು ಮಾಡಿಕೊಂಡು ಬಂದಳು.

"ಇನ್ನೂ ಬರ್ತಾ ಇದೆ ಅಕ್ಕಾ. ದನದ್ದಲ್ಲ, ಮನುಷ್ಯರದ್ದೇ."

"ಎಲ್ಲ ಮನೆ ನೋಡಾಯ್ತಲ್ಲೇ!"

"ಎಲ್ಲಾನೂ?" ಎಂದಳು ಹುಡುಗಿ.

ಬಣ್ಣದಕ್ಕ ಮನಸ್ಸಿನಲ್ಲೇ ಮನೆಗಳನ್ನು ಎಣಿಸಿದಳು. ಎಲ್ಲ ಅಲ್ಲ. ಪೈಪಣ್ಣ ಹೊಸದಾಗಿ ಕೊಳವೆ ಹಾಕಿದ್ದ ಮನೆಗಳನ್ನು ಬಿಟ್ಟಿದ್ದಳು. ಅವನ ಕೈ ಬಿದ್ದ ಮನೆಗೆ ಪರೀಕ್ಷೆ ಯಾಕೆ ಎಂದು ಅವಳೇ ಕಚೇರಿಯಲ್ಲಿ ಎದೆಯುಬ್ಬಿಸಿ ಹೇಳಿದ್ದಳು. ಎಲ್ಲರೂ ತಲೆಯಾಡಿಸಿದ್ದರು. ಅಂಥ ಮನೆಗಳಲ್ಲಿ ಹೊಳೆಗೆ ತೀರ ಹತ್ತಿರದ್ದು ಯಾವುದು? ತನ್ನದೇ.

ಸಂಜೆ ಊಟದ ಹೊತ್ತಿಗೆ ಮಾತು ತೆಗೆದಳು. ಪೈಪಣ್ಣ ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

"ನನ್ ಮನೆ ಕಕ್ಕಸಿಗೆ ಬಣ್ಣ ಹಾಕ್ತೀಯಾ? ನಾಳೆ ಊರಲ್ಲಿ ನಾನು ಹೆಂಗೆ ಮುಖ ಎತ್ಕೊಂಡು ತಿರುಗ್ಲಿ?"

"ಯಾರ್ಗೂ ಗೊತ್ತಾಗಲ್ಲ. ಯಾವತ್ತಾದ್ರೂ ಯಾರ ಹೆಸರಾದ್ರೂ ಹೇಳಿದೀನಾ?"

"ನನ್ಗೆ ಗೊತ್ತಾಗುತ್ತಲ್ಲ!" ಎಂದು ಅವನು ಮುಖ ಊದಿಸಿಕೊಂಡು ಎದ್ದುಹೋದ. ಮಹಡಿಯ ಕಕ್ಕಸಿಗೇ ಹೋಗಿ ಬಾಗಿಲು ಹಾಕಿಕೊಂಡ. ಮುನಿಸಿಕೊಂಡರೂ ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅತ್ತೆ ಕೆಳಗಿನಿಂದ ಕೂಗಿದಳು, "ಬೇಗ ಬಾರೋ, ಒಳಗೆ ಕೂತಷ್ಟೂ ಹೊಳೆಗೇ ನಷ್ಟ!"

ಮರುದಿನ ಬಣ್ಣದಕ್ಕ ಎಂದಿನಂತೆ ಸಾಲಿನ ಮನೆಗಳಿಗೆಲ್ಲ ಹೋಗಿ ಚಹಾ ಕುಡಿದಳು. ಕಡೆಗೆ ತನ್ನ ಮನೆಗೆ ಬಂದು, ಮಹಡಿ ಹತ್ತಿ, ಪುಡಿಯ ಡಬ್ಬಿ ತೆಗೆದು, ಒಂದು ಚಮಚ ಹಾಕಿದಳು. ಅಷ್ಟರಲ್ಲಿ ಯಾರೋ ಕದ ತಟ್ಟಿದಂತಾಗಿ ಕೆಳಗೆ ಇಳಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಮೇಲೆ ಮಾತ್ರ ಅತ್ತೆ ಇದ್ದಳು. ಕಮೋಡಿನೊಳಗೆ ಬಗ್ಗಿ ನೋಡಿ ಅತ್ತೆಗೆ ಬಹಳ ಬೇಜಾರಾಯಿತಂತೆ. ಬೇರೆಯವರಿಗೂ ಒಂದು ಚಮಚ, ಸ್ವಂತ ಮನೆಗೂ ಒಂದೇ ಚಮಚವೇ? ಇಷ್ಟು ವರ್ಷ ದುಡಿದವಳು ಮನೆಯವರಿಗೆ ಜಿಪುಣತನ ಮಾಡುವುದೇ? ಅತ್ತೆ ಡಬ್ಬಿಯನ್ನು ಪೂರ್ತಿ ಬೋರಲು ಹಾಕಿ, ತಳ ತಟ್ಟಿ, ನೀರು ಬಿಟ್ಟಳು.

ಹೊಳೆ ಹಸಿರಾಯಿತು ಎಂದರೆ ಸಾಲದು. ಮೊದಲು ಕೊಳವೆಯ ಬಾಯಿಂದ ಒಂದು ಎಳೆ ಬಂತು, ಆಮೇಲೆ ಹೊರಳಿ ಹೊರಳಿ ಬಂತು, ನೋಡನೋಡುತ್ತ ತಿರುವಿಗೆ ತಿರುವೇ ಗಿಳಿಯ ರೆಕ್ಕೆಯ ಬಣ್ಣಕ್ಕೆ ತಿರುಗಿತು. ಬಿಸಿಲಿಗೆ ಅದು ಥಳಥಳ ಹೊಳೆಯತೊಡಗಿತು. ಹಸಿರು ಬಾತುಕೋಳಿಗಳು ಹಸಿರು ನೀರಿನಲ್ಲಿ ಗತ್ತಿನಿಂದ ತೇಲಿದವು, ಅವು ಬೆಳಿಗ್ಗೆ ಬಿಳಿಯ ಬಾತುಕೋಳಿಗಳಾಗಿದ್ದವು. ಸುದ್ದಿ ಹಬ್ಬಲು ಎಷ್ಟು ಹೊತ್ತು? ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿಬಂದ. ದರ್ಜಿ ಹೆಗಲ ಮೇಲೆ ಟೇಪು ಹಾಗೇ ಇಟ್ಟುಕೊಂಡು ಬಂದ. ಕ್ಷೌರದಂಗಡಿಯಿಂದ ಒಬ್ಬರು ಅರ್ಧ ಮೀಸೆಯಲ್ಲೇ ಎದ್ದು ಬಂದರು. ಹೊಳೆ ಕಚೇರಿಯ ದೊಡ್ಡ ಸಾಹೇಬರೂ ಬಂದರು. ಇಡೀ ಊರು ದಂಡೆಯ ಮೇಲೆ ನಿಂತು ಹೊಟ್ಟೆ ಹುಣ್ಣಾಗುವಂತೆ ನಗುತ್ತಿತ್ತು.

"ಯಾರ ಮನೇದಪ್ಪಾ ಇದು? ಭಾರೀ ಮನೆನೇ ಇರ್ಬೇಕು!"

"ಒಂದು ವಾರ ತಡೆದು ಇಟ್ಕೊಂಡಿದ್ರೇನೋ!"

"ಅಕ್ಕಾ, ಇವತ್ತೊಂದಿನ ಹೇಳ್ಬಿಡಿ ಅಕ್ಕಾ!"

ಬಣ್ಣದಕ್ಕ ತುಟಿ ಬಿಗಿಹಿಡಿದು ನಿಂತಿದ್ದಳು. ಅಳು ಬರುತ್ತಿತ್ತು, ಬಾತುಕೋಳಿ ನೋಡಿ ನಗುವೂ ಬರುತ್ತಿತ್ತು. ಜನರ ಹಿಂದೆ ಪೈಪಣ್ಣ ನಿಂತಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳು ಕಣ್ಣಲ್ಲೇ ಹೇಳಿದಳು, ನಾನು ಸತ್ತರೂ ಬಾಯಿಬಿಡುವುದಿಲ್ಲ, ನೀನು ಸುಮ್ಮನೆ ಮನೆಗೆ ಹೋಗು. ಅವನು ಹೋಗಲಿಲ್ಲ. ಜನರನ್ನು ಸರಿಸಿಕೊಂಡು ಮುಂದೆ ಬಂದು, ದಂಡೆಯ ಕಲ್ಲಿನ ಮೇಲೆ ಹತ್ತಿದ.

"ಅದು ನಮ್ಮನೇದು!" ಎಂದು ಕೂಗಿದ.

ನಗು ಗಕ್ಕನೆ ನಿಂತಿತು.

"ನಮ್ಮನೇದೇ! ನಾನೇ ಹಾಕಿದ ಪೈಪು. ತಪ್ಪು ಜೋಡ್ಸಿದೀನಿ. ಆ ವರ್ಷ ಮಾಡಿದ ಕೆಲ್ಸ ಯಾವ್ದನ್ನೂ ನಂಬ್ಬೇಡಿ. ಆಗ ನನ್ ಮದುವೆ ಹೊಸ್ತು. ಇವಳು ಗುಂಡಿ ಮೇಲೆ ಬಂದು ನಿಂತ್ಕೊಳ್ಳೋಳು. ನಾನು ಪೈಪ್ ಎಲ್ಲಿ ನೋಡ್ದೆ, ಇವಳನ್ನೇ ನೋಡ್ತಿದ್ದೆ!"

ಆಮೇಲೆ ಎದ್ದ ನಗುವಿಗೆ ಬಾತುಕೋಳಿಗಳೆಲ್ಲ ಪಟಪಟನೆ ಆಚೆ ದಡಕ್ಕೆ ಹಾರಿದವು. ಬಣ್ಣದಕ್ಕ ಹಸಿರು ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ನಾಚಿಕೆಯೋ, ಹೆಮ್ಮೆಯೋ, ಅವಳಿಗೇ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಉಕ್ಕಿ ಬಂದವು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಆ ಮಾತು ಒಮ್ಮೆಯೂ ಆಡಿದವನಲ್ಲ.

"ಆ ವರ್ಷ ನನ್ ಕೈಲಿ ಕೆಲ್ಸ ಮಾಡ್ಸಿದೋರು ಕೈ ಎತ್ತಿ!" ಎಂದ ಪೈಪಣ್ಣ. ಬೇಕರಿಯವನು ಹಿಟ್ಟಿನ ಕೈ ಎತ್ತಿದ. ದರ್ಜಿ ಎತ್ತಿದ. ಅಲ್ಲೊಂದು ಇಲ್ಲೊಂದು ಕೈ ಮೇಲೆದ್ದವು. ಕಡೆಗೆ ಹೊಳೆ ಕಚೇರಿಯ ದೊಡ್ಡ ಸಾಹೇಬರು ಆಕಾಶ ನೋಡುತ್ತ, ಮೆಲ್ಲಗೆ, ಭುಜದವರೆಗೆ ಮಾತ್ರ ಕೈ ಎತ್ತಿದರು.

ಅಂದಿನಿಂದ ಊರಿನಲ್ಲಿ ಗುಟ್ಟಿಗೆ ಬೆಲೆಯೇ ಇಲ್ಲದಾಯಿತು. "ನಮ್ಮನೆಗೂ ಹಾಕಿ ಅಕ್ಕಾ, ನಮ್ದೂ ಹಸಿರು ಬರುತ್ತೋ ನೋಡೋಣ" ಎಂದು ಜನ ತಾವಾಗಿ ಕರೆಯತೊಡಗಿದರು. ಪೈಪಣ್ಣ ತನ್ನ ಅಂಗಳವನ್ನೇ ಮೊದಲು ಅಗೆದ, ಆಮೇಲೆ ಬೇಕರಿ, ಆಮೇಲೆ ಸಾಹೇಬರ ಹೂದೋಟ. ಈ ಸಲ ಬಣ್ಣದಕ್ಕ ಗುಂಡಿಯ ಹತ್ತಿರ ಸುಳಿಯಬಾರದೆಂದು ಊರವರೇ ತಾಕೀತು ಮಾಡಿದರು. ಅವಳು ಬೀದಿಯ ತುದಿಯಲ್ಲೇ ನಿಂತು ಕೈಬೀಸುತ್ತಿದ್ದಳು. ಅಷ್ಟಕ್ಕೇ ಅವನು ಎರಡು ಸಲ ಬೆರಳು ಜಜ್ಜಿಕೊಂಡ.

ಮತ್ತೆ ನೀರಿನ ಪರೀಕ್ಷೆಯಾಯಿತು. ಲ್ಯಾಬಿನ ಹುಡುಗಿ ಈ ಸಲ ನಡೆದು ಬರಲಿಲ್ಲ, ಬೀದಿಯುದ್ದಕ್ಕೂ ಕುಣಿದುಕೊಂಡು ಬಂದಳು. ಬೋರ್ಡು ಬಿಚ್ಚಲು ಸ್ಪ್ಯಾನರು ಹಿಡಿದು ಪೈಪಣ್ಣನೇ ಹೋದ. ಬೋಲ್ಟು ತುಕ್ಕು ಹಿಡಿದು ಕೂತಿತ್ತು, ಎಷ್ಟು ತಿರುಗಿಸಿದರೂ ಜಪ್ಪಯ್ಯ ಎನ್ನಲಿಲ್ಲ. ಅವನು ಬೆವರು ಒರೆಸಿಕೊಳ್ಳುತ್ತಿರುವಾಗ ಪಕ್ಕದಿಂದ ನೇರಳೆ ಬಣ್ಣದ್ದೇನೋ ಸರಿದುಹೋಯಿತು.

"ಅಮ್ಮಾ, ತಡೀ! ಇನ್ನೂ ಬೋರ್ಡ್ ಬಿಚ್ಚಿಲ್ಲ!"

"ನೀನು ನಿಧಾನಕ್ಕೆ ಬಿಚ್ಚಪ್ಪಾ, ನಾನು ಹೋಗಿರ್ತೀನಿ" ಎಂದು ಅತ್ತೆ ಮೆಟ್ಟಿಲಿಳಿದು ಬುಡುಕ್ಕೆಂದು ನೀರಿಗೆ ಬಿದ್ದಳು.

ತಲೆ ಮುಳುಗಿತು. ಬಣ್ಣದಕ್ಕ ಚಪ್ಪಲಿಯಲ್ಲೇ ಸೊಂಟದ ತನಕ ನೀರಿಗೆ ಇಳಿದುಬಿಟ್ಟಳು. ಅಷ್ಟರಲ್ಲಿ ಮೂರು ಮಾರು ಆಚೆ ಅತ್ತೆಯ ಬಿಳಿಯ ತಲೆ ಮೇಲೆದ್ದಿತು. ಕೆಮ್ಮಿದಳು, ಉಗುಳಿದಳು, ಬೇಕೆಂದೇ ಇನ್ನೊಂದು ಗುಟುಕು ಬಾಯಿಗೆ ತೆಗೆದುಕೊಂಡಳು. ದಂಡೆಯ ಮೇಲೆ ಲ್ಯಾಬಿನ ಹುಡುಗಿ ಕಣ್ಣು ಮುಚ್ಚಿಕೊಂಡಳು. ಅತ್ತೆ ಬಾಯಿ ಮುಕ್ಕಳಿಸಿ, ಯೋಚಿಸಿ, ಊರಿಗೆಲ್ಲ ಕೇಳುವಂತೆ ಕೂಗಿದಳು.

"ಇದಕ್ಕೆ ರುಚಿನೇ ಇಲ್ಲ ಕಣೇ! ಬರೀ ನೀರು!"

ಬಣ್ಣದಕ್ಕ ಇದ್ದಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತಳು, ಕುತ್ತಿಗೆಯವರೆಗೂ ಹೊಳೆ. ನಗುತ್ತಿದ್ದಳು, ಕಣ್ಣಿಂದ ನೀರು ಧಾರಾಕಾರ ಇಳಿದು ಹೊಳೆಗೇ ಬೀಳುತ್ತಿತ್ತು. ಕೆಲಸಕ್ಕೆ ಸೇರಿದ ದಿನದಿಂದ ಯಾರಾದರೂ ಒಬ್ಬರು ಈ ಮಾತು ಹೇಳಲಿ ಎಂದು ಅವಳು ಕಾಯುತ್ತಿದ್ದಳು.