ವೆಂಕಟಲಕ್ಷ್ಮಮ್ಮನವರ ಗುಂಡುಗಳು ಚಾವಣಿಗೇರಿದ್ದು

ಚನ್ನಪಟ್ಟಣದ ವೆಂಕಟಲಕ್ಷ್ಮಮ್ಮನವರಿಗೆ ಈಗ ಐವತ್ತೆಂಟು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಲೇತ್ ಮುಂದೆ ಕೂತಿದ್ದಾರೆ. ತಿರುಗುವ ಮರದ ತುಂಡಿಗೆ ಉಳಿ ಕೊಟ್ಟು ದುಂಡಗೆ ಮಾಡುತ್ತಾರೆ. ಅದರ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿಯಿಂದ ತಿಕ್ಕಿದರೆ ಹೊಳಪು.

ಬೇಸಾಯದ ಮನೆಗೆ ಸೊಸೆಯಾಗಿ ಬಂದವರು. ಬೆಳಿಗ್ಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಮಧ್ಯಾಹ್ನ ಲೇತ್‌ಗೆ ಬರುತ್ತಿದ್ದರು. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ಮಲಗುವುದನ್ನು ಈ ಕಡೆ ಜ್ವರ ಎನ್ನುತ್ತಾರೆ. "ಹುಳೀಗೆ ಜ್ವರ ಬಂದ್ರೆ ನಂಗೆ ರಜ. ಈ ಲೇತ್‌ಗೆ ಒಂದಿನಾನೂ ಜ್ವರ ಬರ್ಲಿಲ್ಲ" ಎಂದು ನಗುತ್ತಾರೆ.

ಅವರು ಮಾಡಿದ ಗೊಂಬೆಗಳೆಲ್ಲ ಪೆಟ್ಟಿಗೆ ತುಂಬಿ ಎಲ್ಲೆಲ್ಲಿಗೋ ಹೋದವು. ಮನೆಯ ಮಕ್ಕಳಿಗೆ ಉಳಿದದ್ದು ಸೀಳು ಬಿಟ್ಟವು ಮಾತ್ರ. ಚೆನ್ನಾಗಿರುವ ಗೊಂಬೆಯನ್ನು ಮಗುವೊಂದು ನೋಡಿ ಹಿಗ್ಗುವುದನ್ನು ಅವರು ಕಂಡಿರಲೇ ಇಲ್ಲ. ಹಾಗಾಗಿ ರಾಮನಗರದ ಮಕ್ಕಳ ಆಸ್ಪತ್ರೆಯೊಂದರ ಹಿರಿಯ ನರ್ಸ್ ಪ್ರತಿಮಾ ಹೋದ ವರ್ಷ ಹುಡುಕಿಕೊಂಡು ಬಂದಾಗ ಎರಡನೇ ಮಾತಿಲ್ಲದೆ ಒಪ್ಪಿದರು. ವಾರ್ಡಿನಲ್ಲಿ ಹಾಸಿಗೆಗಳ ಹಿಂದೆ ಉದ್ದದ ಬೋಳು ಗೋಡೆಯಿತ್ತು. ಅದಕ್ಕೆ ಬಣ್ಣ ಬರಬೇಕಿತ್ತು; ಅರಗು ಹಿಡಿದ ಮರದ ಗುಂಡುಗಳನ್ನು ಸಾಲು ಸಾಲಾಗಿ ತೂಗುಬಿಡುವುದು ಎಂದಾಯಿತು.

ಪ್ರತಿಮಾ ಕೇಳಿದ್ದು ಒಂದೇ ಪ್ರಶ್ನೆ: "ಬಣ್ಣ ಬಿಡಲ್ಲ ತಾನೇ ಅಮ್ಮಾ?"

"ಬಿಟ್ರೆ ನಾನೇ ಬಂದು ಕಿತ್ಕಂಡೋಯ್ತೀನಿ" ಎಂದರು ವೆಂಕಟಲಕ್ಷ್ಮಮ್ಮ.

ಮಗು ಬಾಯಿಗಿಟ್ಟು ಚೀಪಿದರೂ ಬಣ್ಣ ಬಿಡಬಾರದು ಎನ್ನುವುದು ಚನ್ನಪಟ್ಟಣದ ಗೊಂಬೆಗೆ ಮೊದಲ ಪರೀಕ್ಷೆ. ಅವರು ಒಂದು ಗುಂಡನ್ನು ಎರಡು ದಿನ ನೀರಿನಲ್ಲಿಟ್ಟರು, ಒಂದು ದಿನ ಹಾಲಿನಲ್ಲಿಟ್ಟರು, ಕೊನೆಗೆ ತಾವೇ ಚೀಪಿ ನೋಡಿದರು. ಪಕ್ಕದ ಲೇತ್‌ನ ತನ್ವೀರ್ ಕೇಳಿದ: "ಹೆಂಗೈತೆ ಅಕ್ಕ? ಒಸಿ ಉಪ್ಪು ಬೇಕಿತ್ತಾ?"

ಎಲ್ಲವನ್ನೂ ತಾವೇ ಮಾಡುವುದು ಅವರಿಗೆ ಬೇಕಿರಲಿಲ್ಲ. ಆ ವಾರ್ಡಿನಲ್ಲಿ ಮಲಗಿ ಗುಣವಾಗಿ ಹೋದ ಮಕ್ಕಳ ಮನೆಯವರು ಒಂದೊಂದು ಗುಂಡಿಗೆ ಬಣ್ಣ ಹಿಡಿಯಲಿ ಎಂದರು. ಸಣ್ಣ ಲೇತನ್ನು ಗೂಡ್ಸ್ ಆಟೋಗೆ ಹಾಕಿಕೊಂಡು ಅವರೂ ತನ್ವೀರನೂ ಭಾನುವಾರ ಭಾನುವಾರ ಮಾಗಡಿ, ಕುದೂರು, ಕನಕಪುರ ಸುತ್ತಿದರು. ಶಾಲೆಯ ಜಗುಲಿಯಲ್ಲಿ ವೈರ್ ಎಳೆದು ಲೇತ್ ಹೂಡಿದರೆ ಜನ ಸಾಲು ನಿಲ್ಲುತ್ತಿದ್ದರು.

ಕುದೂರಿನ ರೈತ ದಾಸಪ್ಪ ಕಡ್ಡಿಗಳನ್ನೆಲ್ಲ ತಿರುವಿ ಹಾಕಿ, "ರಾಗಿ ಬಣ್ಣ ಎಲ್ಲೈತಮ್ಮ?" ಎಂದರು.

"ಅದನ್ನ ಯಾರು ಕೇಳ್ತಾರೆ? ಕೆಂಪು ತಗಳಿ."

"ನನ್ನ ಮೊಮ್ಮಗಳು ಆಸ್ಪತ್ರೇಲಿ ಬಾಯಿ ಬಿಟ್ಟು ಮೊದಲು ಕೇಳಿದ್ದೇ ರಾಗಿ ಮುದ್ದೆ. ಕೆಂಪು ಕೇಳ್ಲಿಲ್ಲ."

ಕೆಂಪಿನ ಜೊತೆ ಒಸಿ ಕಪ್ಪು ಸೇರಿಸಿ ರಾಗಿ ಬಣ್ಣ ಮಾಡಬೇಕಾಯಿತು. ಮಾಗಡಿಯ ಹುಡುಗಿಯೊಬ್ಬಳು ಬೂದು ಬಣ್ಣ ಆರಿಸಿದಳು. ಅದು ಸಾವನದುರ್ಗವಂತೆ. ಬೆಟ್ಟ ದುಂಡಗೇ ಇದೆಯಲ್ಲ, ಇನ್ನೇನು ಮಾಡಬೇಕು ಎಂದು ಅವಳ ವಾದ. ಹೀಗೆ ನಾನೂರ ಹನ್ನೆರಡು ಗುಂಡುಗಳಾದವು.

ಒಂದು ಶುಕ್ರವಾರ ಅವನ್ನೆಲ್ಲ ದಾರಕ್ಕೆ ಪೋಣಿಸಿ ಗೋಡೆಯುದ್ದಕ್ಕೂ ತೂಗುಬಿಟ್ಟರು. ಶನಿವಾರ ಬೆಳಿಗ್ಗೆ ಪ್ರತಿಮಾ ಫೋನ್ ಮಾಡಿದರು: "ಅಮ್ಮಾ, ಒಂದ್ಸಲ ಬರ್ತೀರಾ? ಬಣ್ಣ ಬಿಡ್ತಿದೆ."

ವಾರ್ಡಿನಲ್ಲಿ ಕೈಗೆಟುಕುವ ಪ್ರತಿ ವಸ್ತುವನ್ನೂ ದಿನಕ್ಕೆರಡು ಸಲ ಸ್ಪಿರಿಟ್ ಹಾಕಿ ಒರೆಸಬೇಕು ಎಂಬುದು ನಿಯಮ. ಆಯಾ ಮೊದಲ ಸಾಲು ಒರೆಸುವಷ್ಟರಲ್ಲಿ ಬಿಳಿ ಬಟ್ಟೆ ಹೋಳಿಯಾಡಿ ಬಂದಂತಾಗಿತ್ತು. ಆ ಸಾಲಿನ ಗುಂಡುಗಳು ಮಂಕಾಗಿ, ಮುಟ್ಟಿದರೆ ಅಂಟುತ್ತಿದ್ದವು.

ವೆಂಕಟಲಕ್ಷ್ಮಮ್ಮನವರ ಜೊತೆ ಬಂದ ತನ್ವೀರ್ ಅದನ್ನು ನೋಡಿ ಹಣೆ ಚಚ್ಚಿಕೊಂಡ. "ಬಾಗ್ಲು ಪಾಲಿಶ್ ಮಾಡಕ್ಕೆ ಅರಗ ಸ್ಪಿರಿಟ್ಟಲ್ಲೇ ಕರಗಿಸ್ತೀವಲ್ಲ ಅಕ್ಕ! ಇಬ್ರೂ ಮರ್ತ್ಬುಟ್ವಾ?"

"ಮಗೀನ ಎಂಜ್ಲು ಒಂದೇ ನೆಪ್ಪಲ್ಲಿತ್ತು ಕಣೋ" ಎಂದರು ವೆಂಕಟಲಕ್ಷ್ಮಮ್ಮ.

ವಾರ್ಡಿನ ಡಾಕ್ಟರ್ ಯೋಗಾನಂದ ಮೆತ್ತಗೆ ಮಾತಾಡುವವರು. ನಿಯಮ ಸಡಿಲಿಸಲು ಮಾತ್ರ ಅವರು ಒಪ್ಪಲಿಲ್ಲ. "ಒರೆಸದೆ ಬಿಟ್ಟರೆ ಒಬ್ಬರಿಂದೊಬ್ಬರಿಗೆ ಸೋಂಕು ತಗಲುತ್ತೆ. ಸಂಜೆಯೊಳಗೆ ಇಳಿಸಿಬಿಡಿ ಅಮ್ಮಾ" ಎಂದರು.

ಕಿತ್ತುಕೊಂಡು ಹೋಗುವ ಮಾತನ್ನು ಕೊಟ್ಟವರು ವೆಂಕಟಲಕ್ಷ್ಮಮ್ಮನವರೇ. ಗುಂಡುಗಳನ್ನು ಮೂಟೆ ಕಟ್ಟಿ ಒಯ್ದರೆ ದಾಸಪ್ಪನಿಗೆ ಏನು ಹೇಳುವುದು, ಆ ಬೆಟ್ಟದ ಹುಡುಗಿಗೆ ಏನು ಹೇಳುವುದು? ಸ್ಟೂಲ್ ಹತ್ತಿ ಒಂದೊಂದೇ ಸಾಲು ಬಿಚ್ಚತೊಡಗಿದರು. ನಾಲ್ಕನೆಯದು ಗಂಟು ಬಿದ್ದಿತ್ತು. ಬಿಡಿಸಲೆಂದು ಅದನ್ನು ತಲೆಯ ಮೇಲೆತ್ತಿ ಹಿಡಿದರು.

"ಅಜ್ಜಿ, ಹಂಗೇ ಹಿಡ್ಕಳಿ!"

ಕೂಗಿದ್ದು ಎಂಟು ವರ್ಷದ ಮುನ್ನೀ. ಕನಕಪುರದವಳು. ಮುರಿದ ಕಾಲಿಗೆ ಬ್ಯಾಂಡೇಜು ಸುತ್ತಿ, ತೂಕ ಕಟ್ಟಿ, ಹನ್ನೊಂದು ದಿನದಿಂದ ಅಂಗಾತ ಮಲಗಿಸಿದ್ದರು.

"ಯಾಕವ್ವ?"

"ಈಗ ಕಾಣಿಸ್ತೈತೆ. ನಿನ್ನೆಯಿಂದ ಎಲ್ಲಾರೂ ಚೆನ್ನಾಗೈತೆ ಚೆನ್ನಾಗೈತೆ ಅಂತಾವ್ರೆ. ನಂಗೆ ಫ್ಯಾನ್ ಬಿಟ್ರೆ ಏನೂ ಕಾಣಕಿಲ್ಲ."

ವೆಂಕಟಲಕ್ಷ್ಮಮ್ಮ ಸ್ಟೂಲ್ ಇಳಿದರು. ಪಕ್ಕದ ಹಾಸಿಗೆ ಖಾಲಿಯಿತ್ತು. ಚಪ್ಪಲಿ ಬಿಟ್ಟು, ಯಾರನ್ನೂ ಕೇಳದೆ ಮಲಗಿಬಿಟ್ಟರು. ಗೋಡೆ ತಲೆಯ ಹಿಂದೆ ಉಳಿಯಿತು. ಕಣ್ಣಿಗೆ ಬಿದ್ದದ್ದು ಬಿಳಿ ಚಾವಣಿ, ಒಂದು ಫ್ಯಾನ್. ಮೂವತ್ತೊಂದು ವರ್ಷ ತಲೆ ಬಗ್ಗಿಸಿ ದುಡಿದವರಿಗೆ ಮೇಲೆ ನೋಡುವ ಯೋಚನೆ ಹೊಳೆದೇ ಇರಲಿಲ್ಲ.

ರೌಂಡ್ಸ್‌ಗೆ ಬಂದ ಯೋಗಾನಂದ, ವೆಂಕಟಲಕ್ಷ್ಮಮ್ಮ ಮಲಗಿದ್ದನ್ನು ಕಂಡು ದಂಗಾದರು. "ಏನಾಯ್ತಮ್ಮಾ? ತಲೆ ಸುತ್ತು ಬಂತಾ?"

ಅವರು ಮಲಗಿಕೊಂಡೇ ಕೇಳಿದರು: "ಸಾರ್, ಸ್ಪಿರಿಟ್ ಹಾಕಿ ಒರಸದು ಕೈಗೆ ಎಟುಕೋದ ತಾನೇ?"

"ಹೌದು."

"ಅಲ್ಲಿಗೆ ಯಾರ ಕೈ ಎಟುಕ್ತದೆ?"

ಡಾಕ್ಟರ್ ಮೇಲೆ ನೋಡಿದರು. ಅವರಿಗೂ ಪ್ರಶ್ನೆಗಳಿದ್ದವು. ಧೂಳು? ಪ್ರತಿ ವಾರ ಕೋಲಿಗೆ ಒಣ ಬಟ್ಟೆ ಕಟ್ಟಿ ಒರೆಸುವುದಾಗಿ ಪ್ರತಿಮಾ ಹೇಳಿದರು. ದಾರ ಹರಿದು ಮಕ್ಕಳ ಮೇಲೆ ಬಿದ್ದರೆ? ದಾರದ ಬದಲು ಸ್ಟೀಲ್ ತಂತಿ, ಫ್ಯಾನಿಗೆ ತಗಲದಂತೆ ನಡುದಾರಿಯ ಮೇಲಿನ ಚಾವಣಿಗೆ ಕಬ್ಬಿಣದ ಪೈಪು ಎಂದಾಯಿತು. ಎರಡು ವಾರದ ಮೇಲೆ ಪೈಪು ಕೂರಿಸಿದಾಗ ಎಂಬತ್ತಾರು ಕೆ.ಜಿ. ತೂಗುವ ತನ್ವೀರ್ ಅದಕ್ಕೆ ಜೋತುಬಿದ್ದು ಕಾಲಾಡಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು. "ಸಾಕು ಇಳೀರಿ. ಪೈಪೇನೋ ತಡೀತು, ಚಾವಣಿ ತಡಿಬೇಕಲ್ಲ" ಎಂದರು ಯೋಗಾನಂದ.

ಮಂಕಾದ ಸಾಲಿಗೆ ಮತ್ತೆ ಬಣ್ಣ ಹಿಡಿದದ್ದಾಗಿತ್ತು. ನಾನೂರ ಹನ್ನೆರಡೂ ಮೇಲೇರಿದವು. ಫ್ಯಾನ್ ಹಾಕಿದೊಡನೆ ಎಲ್ಲವೂ ಮೆಲ್ಲಗೆ ತಿರುಗತೊಡಗಿದವು. ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ. "ಲೇತಿಂದ ಇಳಿಸಿದ್ರೂ ಚಾಳಿ ಬಿಡ್ಲಿಲ್ಲ ನೋಡಕ್ಕ" ಎಂದ ತನ್ವೀರ್.

ಮುನ್ನೀ ಬೆರಳು ಮಾಡಿ ಎಣಿಸುತ್ತಿದ್ದಳು. ವೆಂಕಟಲಕ್ಷ್ಮಮ್ಮ ಅವಳ ದಿಂಬಿನ ಪಕ್ಕ ತಲೆ ತಂದು, ಅವಳು ನೋಡುವ ಕಡೆಗೇ ನೋಡಿದರು.

"ಅಜ್ಜಿ, ಅದ್ಯಾಕೆ ಅದೊಂದು ಮಣ್ಣಿನ ಥರ ಐತೆ?"

"ಅದು ರಾಗಿ ಮುದ್ದೆ ಕಣವ್ವ."

"ಸುಳ್ಳು!" ಎಂದು ಮುನ್ನೀ ನಕ್ಕಳು. "ಅದರ ಪಕ್ಕದ್ದು?"

"ಬೆಟ್ಟ."

"ಮತ್ತೆ ಅದು?"

ಆ ಸಂಜೆ ಅವರು ಚನ್ನಪಟ್ಟಣಕ್ಕೆ ಹೊರಟಿದ್ದು ಎರಡು ಬಸ್ಸು ತಪ್ಪಿಸಿಕೊಂಡ ಮೇಲೆ.