ಹುಡುಗರನ್ನೇ ಕೇಳುವ ಮಾಸ್ತರ

ಭೀಮಶ್ಯಾ ಮಾಸ್ತರಿಗೆ ವಿಜ್ಞಾನವೇ ಬರುವುದಿಲ್ಲವೆಂದು ಮುದ್ದೇಬಿಹಾಳ ತಾಲೂಕಿನ ಹೊಳೆದಂಡೆಯ ಒಂದು ಶಾಲೆಯ ಹೆಡ್‌ಮಾಸ್ತರ ಶ್ರೀಶೈಲಪ್ಪನವರು ಆರು ವರ್ಷ ನಂಬಿದ್ದರು. ಬರುವಂತಿದ್ದರೆ ಪಾಠ ಶುರುಮಾಡುವ ಮೊದಲು ಯಾರಾದರೂ ಹುಡುಗರನ್ನು ಕೇಳುತ್ತಾರೆಯೇ? ಸ್ವತಃ ಅವರು ಇಪ್ಪತ್ತು ವರ್ಷ ಕಣ್ಣು ಮುಚ್ಚಿಕೊಂಡೇ ಉತ್ತರ ಬರೆಸಿದವರು, ಹುಡುಗರೂ ಹಾಗೆಯೇ ಬರೆದುಕೊಂಡು ಪಾಸಾಗಿದ್ದರು. ಭೀಮಶ್ಯಾ ಮಾಸ್ತರರದು ಬೇರೆಯೇ ನಮೂನೆ. "ಗಿಡ ಏನ್ ತಿಂದು ಇಷ್ಟ ದಪ್ಪ ಆಗೈತ್ರೆಪಾ?" ಎಂದು ಕೇಳುವರು. "ಮಣ್ಣು ತಿಂದ್ರಿ ಸರ್!" ಎಂದು ಕೋಮಲ ಕೂಗಿದರೆ ತಪ್ಪೆನ್ನದೆ ಆ ಮಾತನ್ನು ಅವಳ ಹೆಸರಿನ ಸಮೇತ ಬೋರ್ಡಿನ ಮೇಲೆ ಬರೆಯುವರು. "ಹಂಗಾರ ಬೇವಿನ ಗಿಡದ ಬುಡಕ ದೊಡ್ಡ ತಗ್ಗು ಬಿದ್ದಿರಬೇಕಲ್ಲವ್ವಾ? ನೋಡ್ಕೊಂಡ ಬಾ ಹೋಗು" ಎನ್ನುವರು. ಇಡೀ ತರಗತಿ ಓಡುವುದು. ತಗ್ಗಿಲ್ಲದ್ದು ಕಂಡು ಮೂರು ದಿನ ಜಗಳಾಡಿದ ಮೇಲೆಯೇ ಗಾಳಿ, ಬಿಸಿಲಿನ ಪಾಠ. ತಪ್ಪನ್ನು ಬೋರ್ಡಿಗೇರಿಸುವುದೆಂದರೆ ಶ್ರೀಶೈಲಪ್ಪನವರಿಗೆ ಚಪ್ಪಲಿಯನ್ನು ದೇವರ ಕೋಣೆಗೆ ಒಯ್ದಂತೆ. 'ವಿಷಯಜ್ಞಾನ ಸಾಲದು' ಎಂದು ಮೇಲಿನವರಿಗೆ ಬರೆದೇಬಿಟ್ಟರು. ತೊಂಬತ್ತೆಂಟರ ಜೂನಿನಲ್ಲಿ ಭೀಮಶ್ಯಾ ಮಾಸ್ತರರಿಗೆ ಸಿಂದಗಿ ಕಡೆಗೆ ವರ್ಗವಾಯಿತು. ಚಾರ್ಜು ಕೊಡುವ ದಿನ ಅವರ ಕಪಾಟಿನಿಂದ ಆರು ದಪ್ಪ ವಹಿಗಳು ಹೊರಬಂದವು: ಯಾವ ಮಗು ಏನೆಂದುಕೊಂಡಿತ್ತು, ಯಾಕೆ ಹಾಗೆಂದುಕೊಂಡಿತ್ತು, ಯಾವ ದಿನ ಅದರ ಮನಸ್ಸು ಬದಲಾಯಿತು, ಎದುರಿಗೆ ಸರಿಯಾದ ಉತ್ತರ. ಶ್ರೀಶೈಲಪ್ಪನವರು ಹಾಳೆ ತಿರುವಿ ತಿರುವಿ ಬೆವತರು. "ಅಲ್ಲೋ ಭೀಮಶ್ಯಾ, ಉತ್ತರ ಎಲ್ಲಾ ನಿನಗ ಗೊತ್ತಿದ್ದುವಲ್ಲೋ! ಮತ್ತ ಹುಡುಗರನ್ನ ಯಾಕ ಕೇಳ್ತಿದ್ದಿ?" ಭೀಮಶ್ಯಾ ಮಾಸ್ತರರು ಕಪಾಟಿನ ಕೀಲಿ ಮೇಜಿನ ಮೇಲಿಟ್ಟರು. "ನಾ ಕೆಳಗೇರಿ ಹುಡುಗ ಅಂತ ಏಳು ವರ್ಷ ಬಾಗಿಲ ಹೊರಗ ಕುಂತು ಸಾಲಿ ಕಲ್ತೇನ್ರಿ. ನಿನಗೇನ ಅನಸ್ತೈತಿ ಅಂತ ಒಬ್ಬ ಮಾಸ್ತರೂ ಕೇಳಲಿಲ್ಲ."