ಡಬ್ಬಿಯ ಕತ್ತಲೆಯಲ್ಲಿ ಬೆಣ್ಣೆಹಣ್ಣಿನ ಸಸಿ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ರತ್ನವ್ವನ ಕೈಗುಣಕ್ಕೆ ಎದುರಾಡುವವರಿರಲಿಲ್ಲ. ರೊಟ್ಟಿ ಬಡಿದು ಮಾರುವುದು ಅವಳ ಹೊಟ್ಟೆಪಾಡು. ನೀರಿನ ಹೋರಾಟದಲ್ಲಿ ನಾವು ಧರಣಿ ಕೂತಾಗ ಒಂದು ಬುಟ್ಟಿ ರೊಟ್ಟಿ ತಂದು ಕುಕ್ಕಿ, "ಬರೇ ಒದರಿದ್ರ ನೀರ ಬರಂಗಿಲ್ಲ, ಮೊದಲ ತಿನ್ರಿ" ಎಂದು ಬೈದು ಹೋದವಳು.

ಆದರೆ ಅವಳ ಗತ್ತು ಇದ್ದದ್ದು ರೊಟ್ಟಿಯಲ್ಲಲ್ಲ, ಘಟ್ಟದಲ್ಲಿ. ಮಹಾನವಮಿ ಅಮಾವಾಸ್ಯೆಯ ಮರುದಿನ ದೇವರ ಮುಂದೆ ಮಣ್ಣು ಹರಡಿ ಗೋದಿ ಬಿತ್ತುತ್ತಾರಲ್ಲ, ಆ ಘಟ್ಟ. ಸಸಿ ಎತ್ತರ ಬಂದಷ್ಟೂ ಮನೆಗೆ ಒಳ್ಳೆಯದು ಅಂತ ನಂಬಿಕೆ. ರತ್ನವ್ವ ಬಿತ್ತಿದ್ದು ಅರಿಶಿನದ ಬಣ್ಣ ತಳೆದು ಗೇಣುದ್ದ ಏಳುತ್ತಿತ್ತು. ಹತ್ತಿ ವ್ಯಾಪಾರಿ ಸಿದ್ದಲಿಂಗಪ್ಪನ ದೊಡ್ಡ ಮನೆಯ ಘಟ್ಟವೂ ಅವಳ ಕೈಯಿಂದಲೇ ಆಗಬೇಕು. ಬಾಡಿಗೆ ಮನೆಯ ರೊಟ್ಟಿಯವ್ವ ಆ ದಿನ ಮಾತ್ರ ಅಲ್ಲಿನ ದೇವರ ಕೋಣೆಗೆ ಎಲ್ಲರಿಗಿಂತ ಮೊದಲು ಕಾಲಿಡುತ್ತಿದ್ದಳು. ಉಳಿದ ದಿನ ಹಿತ್ತಲ ಬಾಗಿಲು.

ಆ ಮನೆಗೆ ಭಾಗ್ಯಶ್ರೀ ಸೊಸೆಯಾಗಿ ಬಂದಳು. ಬ್ಯಾಂಕಿನಲ್ಲಿ ನೌಕರಿ. ಜ್ಯೂಸ್ ಅಂಗಡಿಯವರು ಎಸೆಯುವ ಬೆಣ್ಣೆಹಣ್ಣಿನ ಬೀಜ ತಂದು ತೊಳೆದು, ಸುತ್ತ ಹಲ್ಲುಕಡ್ಡಿ ಚುಚ್ಚಿ, ಬುಡವಷ್ಟೇ ನೀರಿಗೆ ತಾಗುವಂತೆ ಗಾಜಿನ ಲೋಟದ ಬಾಯಿಗೆ ಕೂರಿಸಿದಳು. ಬೀಜ ಬಿರಿಯಿತು, ಬೇರು ಇಳಿಯಿತು, ಚಿಗುರು ಎದ್ದಿತು. ಆಮೇಲೆ ಅದನ್ನು ದೊಡ್ಡ ಜಾಡಿಗೆ ಬದಲಿಸಿ, ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು ಬಿಟ್ಟು, ನೀರಿಗೆ ಗೊಬ್ಬರದ ದ್ರಾವಣ ಬೆರೆಸಿದಳು. ಹಿಡಿ ಮಣ್ಣು ಹಾಕಲಿಲ್ಲ. ಆದರೂ ಅಂಗೈಯಗಲದ ಎಲೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ನೋಡಿ ಬಂದರು. "ಹುಡುಗಿ ಕೈಗುಣ ಭಾರಿ ಐತಿ ಬಿಡವಾ" ಎಂದ ಮಾತು ರತ್ನವ್ವನ ಕಿವಿಗೆ ಬಿತ್ತು. ಆ ಹೊತ್ತು ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು.

ತಡೆಯಲಾರದೆ ಅವಳೂ ಹೋದಳು.

"ಮಣ್ಣಿಲ್ಲದ ಬೆಳದದ್ದಕ್ಕ ತವರಮನಿ ಇರಂಗಿಲ್ಲವಾ" ಎಂದಳು.

"ನೀರ ಅದರ ತವರಮನಿ, ದೊಡ್ಡವ್ವಾರ" ಎಂದು ಭಾಗ್ಯಶ್ರೀ ನಕ್ಕಳು.

ಜಗಲಿಯಲ್ಲಿ ಕೂತಿದ್ದ ಸಿದ್ದಲಿಂಗಪ್ಪ ಅಡಿಕೆ ಕತ್ತರಿಸುತ್ತಲೇ ಹೇಳಿದ: "ರತ್ನವ್ವಾ, ಈ ವರ್ಷ ಘಟ್ಟಾ ನಮ್ಮ ಸೊಸಿನ ಹಾಕ್ಲಿ ಅಂತ ಮಾಡೇನಿ. ಅಕಿ ಕೈಯಾಗೂ ಬರತೈತಿ."

"ಅಮಾಸಿ ಇನ್ನೂ ದೂರ ಐತ್ರಿ ಸಾವಕಾರ್ರ. ಯಾರ ಕೈಯಾಗ ಏನ ಬರತೈತಿ ನೋಡೂಣಂತ."

ಬರುವ ದಾರಿಯಲ್ಲೇ ಜ್ಯೂಸ್ ಅಂಗಡಿಯಿಂದ ಬೀಜ ಇಸಿದುಕೊಂಡು ಬಂದಳು. ಹೊಟ್ಟೆಕಿಚ್ಚು ಇದಕ್ಕಿಂತ ಚೆಂದದ ವೇಷ ಹಾಕಿದ್ದನ್ನು ನಾನು ಕಂಡಿಲ್ಲ.

ನೀರು, ಲೋಟ, ಕಡ್ಡಿ ಎಲ್ಲ ಭಾಗ್ಯಶ್ರೀಯದೇ ನಕಲು. ಮೊಳಕೆ ಕಂಡ ಮೇಲೆ ಮಾತ್ರ ತನಗೆ ಗೊತ್ತಿದ್ದ ಘಟ್ಟದ ವಿದ್ಯೆ ಹಚ್ಚಿದಳು. ಬೆಳಕು ಬೀಳಬಾರದು, ಕಂಡವರ ಕಣ್ಣು ಬೀಳಬಾರದು. ಜೋಳದ ಎತ್ತರದ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿ, ಮೇಲೊಂದು ಹಳೇ ಸೀರೆ ಹೊಚ್ಚಿದಳು.

"ಲಗ್ನದಾಗ ನೀನೂ ಇಷ್ಟ ಮುಸುಕ ಹಾಕಿದ್ದಿಲ್ಲ" ಎಂದ ಅವಳ ಗಂಡ ಚನ್ನಯ್ಯ.

"ನಿಮ್ಮ ಕಣ್ಣೂ ಸುಮಾರ ಐತಿ. ಅತ್ತಾಗ ಹೋಗ್ರಿ."

ಕತ್ತಲಲ್ಲಿ ಸಸಿ ದಬದಬ ಬೆಳೆಯಿತು. ಎಲೆ ಹೆಸರಿಗಷ್ಟೇ, ಬೆಳ್ಳಗೆ ಮೊಳದುದ್ದ ಕಾಂಡ. ಅಮಾವಾಸ್ಯೆಯ ಹಿಂದಿನ ದಿನ ಅದನ್ನು ಹೊತ್ತು ಸಿದ್ದಲಿಂಗಪ್ಪನ ಅಂಗಳಕ್ಕೆ ನಡೆದಳು. ಓಣಿಯೇ ಹಿಂದೆ ಬಂತು.

"ಅಳದ ನೋಡ್ರಿ ಸಾವಕಾರ್ರ. ನಿಮ್ಮ ಸೊಸಿದಕ್ಕಿಂತ ಉದ್ದ ಐತಿ."

ಸಿದ್ದಲಿಂಗಪ್ಪ ಮೆಚ್ಚಿ ಚಹಾ ತರಲು ಹೇಳಿದ. ಬಿಸಿಲು ನೆತ್ತಿಯ ಮೇಲಿತ್ತು. ಚಹಾ ಬಂದು, ಕುಡಿದು, ಮಾತು ಮುಗಿಯುವುದರೊಳಗೆ ಸಸಿಯ ಕುತ್ತಿಗೆ ಬಾಗಿತು. ಆಮೇಲೆ ಕಟ್ಟೆಯ ಮೇಲೆ ಅಡ್ಡಡ್ಡ ಮಲಗಿತು. ಹಿಂದೆ ಯಾರೋ ಕಿಸಕ್ಕೆಂದರು.

ಭಾಗ್ಯಶ್ರೀ ಕೆಳಗೆ ಬಂದು ಕೂತು ಅದನ್ನು ಎತ್ತಿ ಹಿಡಿದಳು. "ಬೆಳಕ ಕಂಡಿಲ್ಲಲ್ರಿ, ಅದಕ್ಕ ಜೋಲಿ ಹೊಡದೈತಿ. ಸತ್ತಿಲ್ಲ. ಅರ್ಧಕ್ಕ ಚಿವುಟಿ ಕಿಟಕಿ ಹಂತೇಲಿ ಇಡ್ರಿ, ಬಿಸಲಾಗ ಬ್ಯಾಡ. ಪಕ್ಕದಿಂದ ಚಿಗೀತೈತಿ. ನಂದೂ ಮೊದಲನೇದು ಹಿಂಗ ಬಿದ್ದಿತ್ತು." ಒಂದು ಶೀಶೆಯಲ್ಲಿ ತನ್ನ ದ್ರಾವಣವನ್ನೂ ತುಂಬಿಸಿ ಕೊಟ್ಟಳು.

ಅಣಕಿಸಿದ್ದರೆ ರತ್ನವ್ವ ಎರಡು ಮಾತು ಒಗೆದು ಹಗುರಾಗುತ್ತಿದ್ದಳು. ಹುಡುಗಿ ಅಣಕಿಸಲಿಲ್ಲ. ಉರಿ ಇಮ್ಮಡಿಯಾಯಿತು.

ಆ ವರ್ಷ ಘಟ್ಟ ಹಾಕಿದವಳು ಭಾಗ್ಯಶ್ರೀ. ಹೇಳಿಕೊಡಲು ಹಿರಿಯ ಹೆಂಗಸಿಲ್ಲದ ಮನೆ ಅದು. ಹಬ್ಬದ ನಡುವೆ ರೊಟ್ಟಿ ಕೊಡಲು ಹೋದ ರತ್ನವ್ವ ದೇವರ ಕೋಣೆಯೊಳಗೆ ಇಣುಕಿದಳು. ತಾನು ಪ್ರತಿವರ್ಷ ಬಂದ ತಕ್ಷಣ ಮುಚ್ಚಿಸುತ್ತಿದ್ದ ಕಿಟಕಿ ಹಾರು ಹೊಡೆದಿತ್ತು. ಗೋದಿಯ ಮೊಳಕೆ ಬೆಳಕುಂಡು ಹಸಿರಾಗಿ, ಕತ್ತರಿಸಿದ ಕೂದಲಿನಂತೆ ಗಿಡ್ಡಗೆ ನಿಂತಿತ್ತು. ಆಗಲೂ ಕಿಟಕಿ ಮುಚ್ಚಿದ್ದರೆ ಸಸಿ ಸರಸರ ಏಳುತ್ತಿತ್ತು.

"ಛಲೋ ಬಂದಾವಲ್ರಿ ದೊಡ್ಡವ್ವಾರ?" ಎಂದು ಭಾಗ್ಯಶ್ರೀ ಕೇಳಿದಳು.

"ಭಾಳ ಛಲೋ ಬಂದಾವವಾ" ಎಂದು ರತ್ನವ್ವ ಮನೆಗೆ ಬಂದಳು.

ದಸರೆಯ ದಿನ ಆ ಮನೆಯ ಸಸಿ ಹೆಂಗಸರ ತುರುಬಿಗೆ ಸಿಕ್ಕಿಸಲೂ ಸಾಲಲಿಲ್ಲ. ಓಣಿ ಗುಸುಗುಸು ಅಂದಿತು. ಸಂಜೆ ಸಿದ್ದಲಿಂಗಪ್ಪ ಬನ್ನಿ ಹಿಡಿದು ತಾನೇ ರತ್ನವ್ವನ ಬಾಗಿಲಿಗೆ ಬಂದ. ನಾನು ಅಲ್ಲೇ ರೊಟ್ಟಿಗೆ ಕಾಯುತ್ತಿದ್ದೆ. ಅವನ ದನಿ ಕೇಳಿದ್ದೇ ರತ್ನವ್ವ ಓಣಿಯ ಕಡೆಯ ಕಿಟಕಿಯಲ್ಲಿದ್ದ ಲೋಟವನ್ನು ತೆಗೆದು ಬಾಗಿಲ ಮರೆಗಿಟ್ಟಳು. ಅರ್ಧಕ್ಕೆ ಚಿವುಟಿದ ಬೆಣ್ಣೆಹಣ್ಣಿನ ಸಸಿ, ಪಕ್ಕದಲ್ಲಿ ಎರಡು ಹಸಿರು ಚಿಗುರು.

"ಬನ್ನಿ ತಗೊಂಡು ಬಂಗಾರದಂಗ ಇರೂಣ. ಬರೂ ವರ್ಷದಿಂದ ನೀನ ಬರಬೇಕ ನೋಡ" ಎಂದ ಸಿದ್ದಲಿಂಗಪ್ಪ.

"ಸಣ್ಣ ಹುಡುಗಿ ಬಿಡ್ರಿ. ಎಲ್ಲಾರಿಗೂ ಎಲ್ಲಾ ಬರಂಗಿಲ್ಲ."

ಅವನು ಹೋದ ಮೇಲೆ ಆ ದೇವರ ಕೋಣೆಯ ಕಿಟಕಿಯ ಸಂಗತಿಯನ್ನು ಅವಳೇ ನನಗೆ ಹೇಳಿದಳು, ನಗುತ್ತ.

"ಅಕಿ ನಿನಗ ಹೇಳಿಕೊಟ್ಟಿದ್ಲು. ನೀ ಒಂದ ಮಾತ ಹೇಳಬಾರದಿತ್ತೇನು?" ಎಂದೆ.

ನಗು ನಿಂತಿತು. "ಅಕಿಗಿ ನೌಕರಿ ಐತಿ, ಮನಿ ಐತಿ, ನೀರಾಗ ಗಿಡಾ ಬೆಳಸೂದು ಬರತೈತಿ. ನಂದು ಅಂತ ಇದ್ದದ್ದು ಇದೊಂದ. ಇದನ್ನೂ ಕಲಿಸಿ ಕೊಟ್ಟ ಬರ್ಲೇನ್ರಿ?"

ಅವಳು ಲೋಟದ ನೀರು ಬದಲಿಸಿ, ಭಾಗ್ಯಶ್ರೀ ಕೊಟ್ಟ ಶೀಶೆಯಿಂದ ಹನಿ ಬಿಟ್ಟು, ಲೋಟವನ್ನು ಮತ್ತೆ ಕಿಟಕಿಯಲ್ಲಿಟ್ಟಳು. ಓಣಿಯ ಕಡೆಯ ಕಿಟಕಿಯಲ್ಲಲ್ಲ, ಹಿತ್ತಲಿನದರಲ್ಲಿ.